ಅರುಣಾಳ ಸಾಲು ಹಿಡಿದವರು

ಖೋಖೋ ಕಂಬಕ್ಕೆ ಎಮ್ಮೆ ಕಟ್ಟುವ ಕಾಲೇಜು ನಮ್ಮದು. ಬಣ್ಣ ಕಟ್ಟಿ ಹೇಳುತ್ತಿಲ್ಲ, ಬಂದು ನೋಡಬಹುದು. ಮೊರಬದಿಂದ ನವಲಗುಂದದ ಕಡೆಗೆ ಹೊರಟರೆ ಎರಿ ಹೊಲಗಳ ನಡುವೆ ಒಂದು ತಗಡಿನ ಕಮಾನು ಸಿಗುತ್ತದೆ. ಕಮಾನಿನ ಹಿಂದೆ ಕಟ್ಟಡ, ಕಟ್ಟಡದ ಹಿಂದೆ ಮೈದಾನ. ಬೇಸಿಗೆಯಲ್ಲಿ ಆ ಕರಿಮಣ್ಣು ಬಾಯಿ ಬಿಟ್ಟಿರುತ್ತದೆ, ಚೆಂಡು ಒಳಗೆ ಬಿದ್ದರೆ ಕೋಲು ಹಾಕಿ ತೆಗೆಯಬೇಕು. ಮಳೆಗಾಲದಲ್ಲಿ ನಾಲ್ಕು ಹೆಜ್ಜೆ ನಡೆದರೆ ಕಾಲು ಕಿತ್ತಿಡುವುದೇ ಒಂದು ವ್ಯಾಯಾಮ. ಇವೆರಡರ ನಡುವೆ ನೆಲ ಚೆನ್ನಾಗಿರುವ ಸ್ವಲ್ಪ ದಿನ ಊರವರು ಅಲ್ಲಿ ಮೆಣಸಿನಕಾಯಿ ಒಣಹಾಕುತ್ತಾರೆ. ಉಳಿದ ಜಾಗ ನಮ್ಮ ಜವಾನ ಭೀಮಶಿಯ ಎಮ್ಮೆಯದು. ಅದು ವರ್ಷಗಟ್ಟಲೆ ಮೈ ತಿಕ್ಕಿ ತಿಕ್ಕಿ ಕಂಬವನ್ನು ನುಣ್ಣಗೆ ಮಾಡಿಟ್ಟಿದೆ.

ನಾನು ಈ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹುಬ್ಬಳ್ಳಿಯವನು, ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುವವನು. ಸಿಟ್ಟಿನ ಮನುಷ್ಯ ಎಂದು ಹೆಸರಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆಟದ ವಿಷಯದಲ್ಲಿ ನನ್ನ ಸಾಧನೆ ಎಂದರೆ ಚಿಕ್ಕಂದಿನಲ್ಲಿ ಆಡಿದ ಗೋಲಿ, ಅದರಲ್ಲೂ ಸೋತದ್ದೇ ಹೆಚ್ಚು. ಇಂಥ ನನ್ನನ್ನು ಪ್ರಾಚಾರ್ಯರು ಒಂದು ದಿನ ಕರೆದು, ಚಹಾ ಕೊಟ್ಟು, ಕ್ರೀಡಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿಬಿಟ್ಟರು. ಚಹಾ ಕೊಟ್ಟಾಗಲೇ ನನಗೆ ಸಂಶಯ ಬರಬೇಕಿತ್ತು. ಹೀಗೆ ನನ್ನ ಕೊರಳಿಗೆ ಬಿದ್ದವರು ಸುಧಾರಾಣಿ ಮೇಡಂ.

ಅವರು ನಮ್ಮ ದೈಹಿಕ ಶಿಕ್ಷಣದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾವ ಮನೆಯಲ್ಲಿ ಅತಿಥಿಯಿಂದ ಕಸ ಬಳಿಸುತ್ತಾರೆ? ಮೈದಾನದ ಕಲ್ಲು ಆರಿಸುವುದು, ಸುಣ್ಣದ ಗೆರೆ ಹಾಕುವುದು, ಹರಿದ ವಾಲಿಬಾಲ್ ಬಲೆಗೆ ದಾರ ಹಾಕಿ ಹೊಲಿಯುವುದು, ಎಲ್ಲ ಅವರೇ. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯವರು. ನಲವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಸೀರೆಯ ಕೆಳಗೆ ಯಾವಾಗಲೂ ಬಿಳಿ ಬೂಟು. ಗಂಡ ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುವ ಕೆಲಸದವನು. ವಾರಕ್ಕೊಮ್ಮೆ ಇವರು ಅಲ್ಲಿಗೆ ಹೋಗುತ್ತಾರೆ, ಇಲ್ಲದಿದ್ದರೆ ಅವನು ಇಲ್ಲಿಗೆ ಬರುತ್ತಾನೆ. ಉಳಿದ ದಿನ ಮೊರಬದಲ್ಲಿ ಒಂದು ಬಾಡಿಗೆ ಕೋಣೆ. ಮಾತು ಕಡಿಮೆ. ನಾನು ಕೂಗಾಡಿದಾಗಲೆಲ್ಲ ಸುಮ್ಮನೆ ಕೇಳಿ, ಮುಗಿದ ಮೇಲೆ, ಹೌದ್ರಿ ಸರ್, ಈಗ ಸುಣ್ಣದ ಚೀಲ ಹಿಡೀರಿ ಎನ್ನುವರು. ನಾನು ಹಿಡಿಯುತ್ತಿದ್ದೆ. ಬೈದು ಮುಗಿಸಿದವನಿಗೆ ಬೇರೆ ಕೆಲಸ ಎಲ್ಲಿರುತ್ತದೆ!

ಅವರಿಗಿದ್ದ ಹುಚ್ಚು ಒಂದೇ, ಹುಡುಗಿಯರ ಖೋಖೋ ತಂಡ. ವಿಶ್ವವಿದ್ಯಾಲಯದ ವಲಯ ಪಂದ್ಯಗಳು ಪ್ರತಿ ವರ್ಷ ಹೆಸರಿನ ಬೆಳೆ ಕೊಯ್ಯುವ ದಿನಗಳ ಆಸುಪಾಸಿನಲ್ಲೇ ನಡೆಯುತ್ತವೆ. ಖೋಖೋಕ್ಕೆ ಅಂಗಳದಲ್ಲಿ ಒಂಬತ್ತು ಮಂದಿ ಬೇಕು, ಬದಲಿಗೆ ಮೂವರು, ಒಟ್ಟು ಹನ್ನೆರಡು. ಜುಲೈಯಲ್ಲಿ ಅಭ್ಯಾಸಕ್ಕೆ ಇಪ್ಪತ್ತು ಹುಡುಗಿಯರು ಬರುತ್ತಿದ್ದರು. ಪಂದ್ಯದ ಬೆಳಿಗ್ಗೆ ಕಮಾನಿನ ಕೆಳಗೆ ನಿಂತು ನೋಡಿದರೆ ಒಮ್ಮೆ ಏಳು, ಒಮ್ಮೆ ಎಂಟು. ಒಂದು ವರ್ಷ ಹೇಗೋ ಒಂಬತ್ತಾದರು, ಅದರಲ್ಲಿ ಒಬ್ಬಳು ದಾರಿಯಲ್ಲಿ ವಾಂತಿ ಮಾಡಿಕೊಂಡು ಮಲಗಿಬಿಟ್ಟಳು. ಆಡದೆಯೇ ಸೋತು ಬಂದರು. ಈ ಸಲ ಪ್ರಾಚಾರ್ಯರು ಕೈ ಎತ್ತಿದರು. ಇದೇ ಕೊನೆ, ಈ ವರ್ಷ ಪೂರಾ ತಂಡ ಹೋಗದಿದ್ದರೆ ಇನ್ನು ಖೋಖೋಕ್ಕೆ ಹೆಸರೇ ಕಳಿಸುವುದಿಲ್ಲ, ಹುಡುಗಿಯರಿಗೆ ಕೇರಂ ಸಾಕು, ಅದಕ್ಕೆ ಮಣ್ಣೂ ಬೇಡ ಮಳೆಯೂ ಬೇಡ ಎಂದರು.

ಕೇರಂ ಎಂಬ ಮಾತು ಸುಧಾರಾಣಿಯವರಿಗೆ ಚುಚ್ಚಿತು. ಹೊರಗೆ ಬಂದು ಎಮ್ಮೆಯ ಹಗ್ಗ ಬಿಚ್ಚುತ್ತ ನನಗೊಂದು ಮಾತು ಹೇಳಿದರು.

"ಗೆಲ್ಲೂದು ಸೋಲೂದು ಆಮ್ಯಾಲಿಂದ್ರಿ ಸರ್. ಒಮ್ಮೆರ ನಮ್ಮ ಹುಡುಗ್ಯಾರು ಹನ್ನೆರಡೂ ಮಂದಿ ಒಂದ ಕಡೆ ನಿಂತದ್ದು ನಾ ಕಣ್ಣಿಲೆ ನೋಡಬೇಕು."

ನನಗೆ ಇದು ಬಲು ಸಣ್ಣ ಆಸೆಯಾಗಿ ಕಂಡಿತ್ತು. ಹುಡುಗಿಯರಿಗೆ ಶಿಸ್ತಿಲ್ಲ, ತಂದೆ ತಾಯಿಗೆ ಬುದ್ಧಿಯಿಲ್ಲ, ಅದಕ್ಕೇ ಬರುವುದಿಲ್ಲ ಎಂದು ನಾನು ನನ್ನ ಎಂದಿನ ಪುರಾಣ ತೆಗೆದೆ. ಅವರು ಎಮ್ಮೆಯನ್ನು ಬೇಲಿಗೆ ಕಟ್ಟಿ ಬಂದು, ಶಿಸ್ತಲ್ಲ, ಹೆಸರು ಎಂದರು.

ನವಲಗುಂದದ ಎರಿ ಭೂಮಿಯಲ್ಲಿ ಮುಂಗಾರಿಗೆ ಹೆಸರು ಬಿತ್ತುತ್ತಾರೆ. ಶ್ರಾವಣ ಮುಗಿಯುವ ಹೊತ್ತಿಗೆ ಬುಡ್ಡಿ, ಅಂದರೆ ಕಾಯಿ, ಒಣಗಿ ಕಪ್ಪಾಗುತ್ತವೆ. ಆಗ ಬಿಡಿಸಿಕೊಂಡರೆ ಕಾಳು, ಬಿಟ್ಟರೆ ಒಂದು ಮಳೆಗೆ ಬುಡ್ಡಿಯೊಳಗೇ ಮೊಳಕೆ. ಯಂತ್ರಗಳು ಬಂದಿವೆ, ಹಸಿ ಎರಿಯಲ್ಲಿ ಅವು ಇಳಿಯುವುದಿಲ್ಲ, ಇಳಿದರೆ ಏಳುವುದಿಲ್ಲ. ಎಲ್ಲರ ಹೊಲವೂ ಒಟ್ಟಿಗೇ ಹಣ್ಣಾಗುವುದರಿಂದ ಕೂಲಿ ಆಳು ಕೈಕಾಲು ಹಿಡಿದರೂ ಸಿಗುವುದಿಲ್ಲ. ಹಾಗಾಗಿ ಸಣ್ಣ ಹಿಡುವಳಿಯವರು ಮುಯ್ಯಿ ಮಾಡಿಕೊಳ್ಳುತ್ತಾರೆ. ಈವತ್ತು ನಾನು ನಿನ್ನ ಹೊಲದಲ್ಲಿ ಒಂದು ಸಾಲು ಹಿಡಿದರೆ ನಾಳೆ ನೀನು ನನ್ನ ಹೊಲದಲ್ಲಿ ಒಂದು ಸಾಲು ಹಿಡಿಯಬೇಕು. ಇದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಇದ್ದರೆ ಅವಳೂ ಒಂದು ಆಳು, ಅವಳ ಹೆಸರಿನಲ್ಲೂ ಒಂದು ಸಾಲು.

ಹುಡುಗಿಯರು ಹೊಲಕ್ಕೆ ಹೋಗುವುದನ್ನು ತಪ್ಪಿಸಲು ಆಗುವುದಿಲ್ಲವಾದರೆ ಎಲ್ಲರೂ ಒಟ್ಟಿಗೇ ಹೋಗಲಿ ಎಂಬುದು ಸುಧಾರಾಣಿಯವರ ಉಪಾಯ. ಆ ವರ್ಷ ಅವರು ಒಂದೊಂದೇ ಮನೆಗೆ ನಡೆದು ಹೋಗಿ, ಕಟ್ಟೆಯ ಮೇಲೆ ಕುಳಿತು, ಅವಲಕ್ಕಿ ತಿಂದು, ಚಹಾ ಕುಡಿದು, ಇಡೀ ತಂಡವನ್ನೇ ಒಂದು ಮುಯ್ಯಾಳಿನ ಗುಂಪು ಮಾಡಿದರು. ಹನ್ನೆರಡು ಹುಡುಗಿಯರು ಹನ್ನೆರಡು ಹೊಲಗಳನ್ನು ಸರತಿಯಂತೆ ಬಿಡಿಸಿ ಮುಗಿಸುವುದು, ಇಳಿಹೊತ್ತಿಗೆ ಅದೇ ಹೊಲದ ಅಂಚಿನ ಬಯಲಿನಲ್ಲಿ ಆಡುವುದು. ಅಭ್ಯಾಸ ಅರ್ಧಕ್ಕೆ ಬಿಟ್ಟು ಕೊನೆಯ ಬಸ್ಸಿಗೆ ಓಡುವ ತಾಪತ್ರಯವೂ ತಪ್ಪಿತು, ಏಕೆಂದರೆ ಆಟ ಮನೆಯ ಬಾಗಿಲಿಗೇ ಬಂದಿತ್ತು. ತಂಡದ ನಾಯಕಿ ಶಬೀನಾಳ ತಂದೆ ರಮಜಾನ್ ತನ್ನ ಕ್ರೂಸರ್ ಗಾಡಿಯಲ್ಲಿ ಎಲ್ಲರನ್ನೂ ಹೊಲದಿಂದ ಹೊಲಕ್ಕೆ ಸಾಗಿಸಿದ. ಮೇಡಂ ಕೂಡ ಸೆರಗು ಸಿಗಿಸಿ ಸಾಲಿಗೆ ಇಳಿಯುತ್ತಿದ್ದರು. ನಾನು ಒಮ್ಮೆ ನೋಡಲು ಹೋಗಿದ್ದೆ. ಒಬ್ಬಳು ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಬಿಡಿಸುತ್ತಿದ್ದಾಗ ಹಿಂದಿನಿಂದ ಮತ್ತೊಬ್ಬಳು ಬಂದು ಬೆನ್ನಿಗೆ ಕೈ ಹಚ್ಚಿ ಖೋ ಎನ್ನುವುದು, ಅವಳು ಎದ್ದು ಮುಂದಿನ ಗಿಡಕ್ಕೆ ಓಡುವುದು. ಕೆಲಸವೋ ಆಟವೋ ನನಗೆ ತಿಳಿಯಲಿಲ್ಲ. ನಕ್ಕು ನಕ್ಕು ಅವರಿಗೇ ಹೊಟ್ಟೆ ಹಿಡಿದಿತ್ತು.

ಈ ಏರ್ಪಾಡಿಗೆ ಸುಲಭಕ್ಕೆ ಒಪ್ಪದವಳು ಕೆಂಚವ್ವ. ಅವಳ ಮಗಳು ಅರುಣಾ ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಕೆಂಚವ್ವ ಒಬ್ಬಳೇ ಹೊಲ ಮಾಡಿಸಿಕೊಂಡು ಬಂದವಳು, ಮಾತು ಕೊಡಲಿ ಏಟು. ಓಡಿ ಏನು ತರುತ್ತಾಳೆ, ಓಡದೆ ಇದ್ದರೆ ಏನು ಕಳಕೊಳ್ಳುತ್ತಾಳೆ ಎಂದು ಮೇಡಂಗೆ ಮುಖದ ಮೇಲೇ ಕೇಳಿದ್ದಳಂತೆ. ಆದರೆ ಅರುಣಾ ಓಡುವುದನ್ನು ನೋಡಿದವರು ಅವಳನ್ನು ಬಿಡಲು ಸಾಧ್ಯವಿರಲಿಲ್ಲ. ಕಂಬದ ಬಳಿ ಆ ಹುಡುಗಿ ಹೊರಳುತ್ತಿದ್ದ ರೀತಿಗೆ ನನ್ನಂಥವನೂ ಪುಸ್ತಕ ಮುಚ್ಚಿಟ್ಟು ಕಿಟಕಿಗೆ ಬರುತ್ತಿದ್ದೆ. ಮೇಡಂ ಮತ್ತೆ ಮತ್ತೆ ಹೋದರು. ಕಡೆಗೆ ಕೆಂಚವ್ವ ಮಣಿದಳು, ಅವಳದೇ ಲೆಕ್ಕದಲ್ಲಿ. ಅವಳ ಹೊಲ ಹಿಂದೆ ಬಿತ್ತಿದ್ದು, ಎಲ್ಲರಿಗಿಂತ ಕೊನೆಗೆ ಹಣ್ಣಾಗುವಂಥದ್ದು. ಹಾಗಾಗಿ ಮೊದಲು ಉಳಿದ ಹನ್ನೊಂದೂ ಹೊಲಕ್ಕೆ ಅವಳೂ ಮಗಳೂ ಇಬ್ಬರೂ ಹೋದರು, ಒಂದು ಮನೆಯಿಂದ ಎರಡು ಆಳು. ತಮ್ಮ ಹೊಲದ ದಿನ ಎಲ್ಲರೂ ಬರಬೇಕು ಎಂಬುದು ಮಾತು. ಕೆಂಚವ್ವನಂತೆ ಬಗ್ಗಿ ಬಿಡಿಸುವವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಅವಳ ಸಾಲು ಮುಗಿದು ಅವಳು ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡಾಗ ಹುಡುಗಿಯರು ಇನ್ನೂ ನಡುಹೊಲದಲ್ಲಿ ಇರುತ್ತಿದ್ದರು.

ಹನ್ನೊಂದು ಹೊಲ ಮುಗಿದವು. ಪಂದ್ಯ ಮುಗಿಸಿ ಬಂದು ಕೆಂಚವ್ವನ ಹೊಲಕ್ಕೆ ಹೋಗುವುದು ಎಂದು ಎಲ್ಲ ಲೆಕ್ಕ ಹಾಕಿಟ್ಟಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು. ಧಾರವಾಡದ ಅಂಗಳ ಕೆಸರಾಯಿತು ಎಂದು ಪಂದ್ಯ ಮುಂದೆ ಹೋಯಿತು. ಮಳೆ ಬಿಟ್ಟು ಬಿಸಿಲು ಬಿದ್ದದ್ದೇ ತಡ ಕೆಂಚವ್ವನ ಹೆಸರು ಒಮ್ಮೆಲೇ ಒಣಗಿ ನಿಂತಿತು. ಎರಡಕ್ಕೂ ಒಂದೇ ಶನಿವಾರ ಬಂತು. ಮತ್ತೆ ಮೋಡ ಕಟ್ಟುವ ಲಕ್ಷಣವಿತ್ತು. ಶುಕ್ರವಾರ ಮಧ್ಯಾಹ್ನ ಅರುಣಾ ಅತ್ತುಕೊಂಡು ಬಂದು, ಅವ್ವ ನಾಳೆ ಎಲ್ಲರನ್ನೂ ಹೊಲಕ್ಕೆ ಕರೆದಿದ್ದಾಳೆ ಎಂದಳು. ಅರುಣಾ ಒಬ್ಬಳ ಮಾತಲ್ಲ ಅದು. ಆ ದಿನ ಉಳಿದ ಹನ್ನೊಂದೂ ಹುಡುಗಿಯರು ಕೆಂಚವ್ವನಿಗೆ ಮುಯ್ಯಿ ತೀರಿಸಬೇಕಿತ್ತು.

ನಾನು ಸಿಟ್ಟಿಗೆದ್ದೆ. ಇಂಥ ಹೊತ್ತಿನಲ್ಲಿ ನಾನು ಮಾಡುವ ಮೊದಲ ಕೆಲಸ ಅದೇ. ಪ್ರಾಚಾರ್ಯರು ಮಾತ್ರ ಬಹಳ ಶಾಂತವಾಗಿ, ಇದು ಮಾತಾಡಿ ಬಗೆಹರಿಸುವ ವಿಷಯ ಎಂದು ನಮ್ಮನ್ನು ಕರೆದುಕೊಂಡು ಕೆಂಚವ್ವನ ಮನೆಗೇ ಹೊರಟರು. ಒಳ್ಳೆಯ ಮನುಷ್ಯ, ಕೆಟ್ಟದ್ದು ಬಯಸಿ ಹೋದವರಲ್ಲ. ಕಟ್ಟೆಯ ಮೇಲೆ ಕುಳಿತು, ಕೂಲಿ ಆಳನ್ನು ಎಲ್ಲಿಂದಲಾದರೂ ಕರೆಸೋಣ, ಅವರ ಕೂಲಿ ಕಾಲೇಜಿನಿಂದ ಕೊಡೋಣ, ನಿನಗೆ ಒಂದು ಪೈಸೆ ಖರ್ಚು ಬರದಂತೆ ನೋಡಿಕೊಳ್ಳುತ್ತೇವೆ ಎಂದರು. ಹುಬ್ಬಳ್ಳಿಯವನಾದ ನನಗೂ ಅದು ನ್ಯಾಯವಾಗಿಯೇ ಕೇಳಿಸಿತು. ಸುಧಾರಾಣಿಯವರು ಮಾತ್ರ ಕಣ್ಣು ಮುಚ್ಚಿಕೊಂಡರು. ಕೆಂಚವ್ವ ರೊಟ್ಟಿಯ ಹಿಟ್ಟಿನ ಕೈ ಝಾಡಿಸಿಕೊಂಡು ಹೊರಗೆ ಬಂದಳು.

"ಹನ್ನೊಂದು ಹೊಲಕ್ಕ ನಾ ಕೂಲಿಗಿ ಹೋಗಿದ್ನೇನ್ರಿ ಸಾಹೇಬರ? ನನ್ನ ಬೆನ್ನಿಗಿ ರೊಕ್ಕಾ ಕಟ್ಟತೀರೇನ?"

ಅಷ್ಟೇ ಅಂದದ್ದು. ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಪ್ರಾಚಾರ್ಯರ ಮುಖ ಹುಳ್ಳಗಾಯಿತು. ಮುಯ್ಯಿಗೆ ಕೂಲಿ ಕೊಡಹೋಗುವುದೆಂದರೆ ನೆಂಟಸ್ತಿಕೆಗೆ ಬಂದವರ ಮುಂದೆ ಊಟದ ಬಿಲ್ಲು ಇಟ್ಟಂತೆ ಎಂದು ನನಗೆ ರಮಜಾನ್ ಆಮೇಲೆ ತಿಳಿಹೇಳಿದ. ಪ್ರಾಚಾರ್ಯರು ಗಾಡಿ ಹತ್ತುತ್ತ, ಕೇರಂ ಬೋರ್ಡು ತರಿಸುವುದೇ ಲೇಸು ಎಂದು ಗೊಣಗಿದರು. ನಾನು ಎಂದಿನ ಬಸ್ಸು ತಪ್ಪಿಸಿಕೊಂಡಿದ್ದೆ. ಮೈದಾನದ ಕಟ್ಟೆಯ ಮೇಲೆ ಕುಳಿತು ಎಮ್ಮೆಯ ಮುಖ ನೋಡುತ್ತ, ಇನ್ನು ಈ ತಂಡದ ಕಥೆ ಮುಗಿಯಿತು ಎಂದುಕೊಂಡೆ. ಆಟದ ಬಗ್ಗೆ ನನಗೆ ಸಂಕಟವಾಗಿದ್ದು ಅದೇ ಮೊದಲು.

ಸುಧಾರಾಣಿಯವರು ನಮ್ಮ ಸಂಗಡ ಮರಳಿರಲಿಲ್ಲ. ಅವರು ಕೆಂಚವ್ವನ ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಉಳಿದ ಹುಡುಗಿಯರ ಮನೆಗಳಿಗೆ ಹೋದರು. ಮುಯ್ಯಿ ಹುಡುಗಿಯದಲ್ಲ, ಮನೆಯದು. ಮನೆಯಿಂದ ಯಾರು ಬಂದರೂ ತೀರುತ್ತದೆ. ಅವರು ಕೇಳಿದ್ದು ಅದನ್ನೇ. ಒಬ್ಬಳ ತಾಯಿ ಬರುತ್ತೇನೆಂದಳು, ಇನ್ನೊಬ್ಬಳ ಅತ್ತಿಗೆ, ಮತ್ತೊಬ್ಬಳ ಚಿಕ್ಕಮ್ಮ. ಶಬೀನಾಳ ಮನೆಯಿಂದ ಅವಳ ಸೋದರತ್ತೆ ರಾಜಮಾಬಿ ಹೊರಟಳು. ಸಂತೆಗೆ ಬಟ್ಟೆ ಒಯ್ಯುವ ಹೆಂಗಸು ಅವಳು, ಮರುದಿನದ ಸಂತೆಯನ್ನೇ ಬಿಟ್ಟು ಬಂದಳು. ದೀಪ ಹಚ್ಚುವ ಹೊತ್ತಿಗೆ ಹನ್ನೊಂದು ಮನೆಯ ಹನ್ನೊಂದು ಹೆಂಗಸರೂ ಮಾತು ಕೊಟ್ಟಿದ್ದರು. ಆಗ ಮೇಡಂ ಮತ್ತೆ ಕೆಂಚವ್ವನ ಕಟ್ಟೆಗೆ ಬಂದರು. ನಾನೂ ಅಲ್ಲಿಗೆ ಹೋಗಿದ್ದೆ, ನನಗೆ ಕೂತಲ್ಲಿ ಕೂರಲು ಆಗಿರಲಿಲ್ಲ.

ಕೆಂಚವ್ವ ಎಲ್ಲ ಕೇಳಿದಳು. ಪ್ರಾಚಾರ್ಯರ ಮೇಲಿನ ಸಿಟ್ಟು ಇಳಿದಿತ್ತು. ಹನ್ನೊಂದು ಮಂದಿಯ ಮುಯ್ಯಿ ಸರಿಹೋಯಿತು, ಆ ಹುಡುಗಿಯರು ಹೋಗಲಿ ಎಂದಳು. ಆಮೇಲೆ ಒಳಗೆ ಗೋಡೆಗೆ ಆತು ನಿಂತಿದ್ದ ಮಗಳ ಕಡೆ ನೋಡಿ, ಮೇಡಂ ಅವರನ್ನು ಕೇಳಿದಳು. ಕಲಿಸುವ ಹೆಂಗಸನ್ನು ಅವಳು ಅಕ್ಕಾರ ಎನ್ನುತ್ತಿದ್ದಳು.

"ಇಕಿ ಹ್ವಾದ್ರ ಇಕಿ ಸಾಲ ಯಾರ ಹಿಡೀತಾರ್ರಿ ಅಕ್ಕಾರ? ನನಗರ ಮನ್ಯಾಗ ಮತ್ಯಾರದಾರ?"

ಅದರಲ್ಲಿ ಹಟವಿರಲಿಲ್ಲ. ಅವಳಿಗೆ ನಿಜವಾಗಿಯೂ ಬೇರೆ ಯಾರೂ ಇರಲಿಲ್ಲ, ಒಂದು ಸಾಲು ಹಿಂದೆ ಬಿದ್ದರೆ ಅಷ್ಟು ಹೆಸರು ಮಳೆಗೆ ಹೋಗುವುದು ಖಂಡಿತ. ನಾನು ಮೇಡಂ ಕಡೆಗೆ ಬಗ್ಗಿ, ಹನ್ನೊಂದು ಮಂದಿಯಲ್ಲೇ ಆಟ ನಡೆಯುತ್ತದಲ್ಲ, ಒಬ್ಬಳು ಉಳಿದರೆ ಉಳಿಯಲಿ, ಪ್ರಾಚಾರ್ಯರಿಗೆ ನಾನು ಹೇಳುತ್ತೇನೆ ಎಂದು ಪಿಸುಗುಟ್ಟಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಕೆಂಚವ್ವನ ಕಡೆ ತಿರುಗಿದರು.

"ಅರುಣಾನ ಸಾಲ ನಾ ಹಿಡೀತೀನಿ, ಯಕ್ಕಾ. ಅಕಿನ್ನ ಕಳಸು" ಎಂದರು.

ಹೀಗೆ ಶನಿವಾರ ಬೆಳಿಗ್ಗೆ ಕಮಾನಿನ ಕೆಳಗೆ ಹನ್ನೆರಡು ಹುಡುಗಿಯರು ನಿಂತಿದ್ದರು, ನೀಲಿ ಅಂಗಿ ತೊಟ್ಟು, ಜಡೆ ಮೇಲೆ ಕಟ್ಟಿ. ನೋಡಬೇಕಾದವರು ಇರಲಿಲ್ಲ. ಅವರು ಬೆಳಕು ಹರಿಯುವುದಕ್ಕೆ ಮುಂಚೆಯೇ ಹೊಲಕ್ಕೆ ಹೋಗಿದ್ದರು. ಕಾಲೇಜಿನ ಒಬ್ಬರು ತಂಡದ ಜೊತೆ ಇರಲೇಬೇಕಾದ್ದರಿಂದ ನಾನು ವ್ಯವಸ್ಥಾಪಕನಾದೆ. ಹಿಂದಿನ ದಿನವೇ ಮೇಡಂ ನನಗೆ ಪಾಠ ಹೇಳಿಕೊಟ್ಟಿದ್ದರು. ಆಟಕ್ಕೆ ಮುಂಚೆ ಹೊಟ್ಟೆ ತುಂಬ ತಿನ್ನಲು ಬಿಡಬೇಡಿ, ನೀರು ಗುಟುಕು ಗುಟುಕಾಗಿ ಕೊಡಿ, ಮುಖ್ಯವಾಗಿ ನೀವು ಕೂಗಬೇಡಿ. ಮೊದಲಿನ ಎರಡನ್ನು ಪಾಲಿಸಿದೆ.

ರಮಜಾನ್‌ನ ಕ್ರೂಸರಿನಲ್ಲಿ ಹನ್ನೆರಡು ಹುಡುಗಿಯರು, ನಾನು, ಎರಡು ಬುಟ್ಟಿ ರೊಟ್ಟಿ. ಉಸಿರಾಡಲು ಜಾಗವಿಲ್ಲದಿದ್ದರೂ ದಾರಿಯುದ್ದಕ್ಕೂ ಹಾಡು. ಧಾರವಾಡದ ಅಂಗಳ ಮುಟ್ಟಿದಾಗ ಹಾಡು ನಿಂತಿತು. ಬೇರೆ ಕಾಲೇಜಿನವರ ಬೂಟು, ಚೀಲ, ಒಂದೇ ಬಣ್ಣದ ಮೇಲಂಗಿ ನೋಡಿ ನಮ್ಮವರು ಮುದುರಿಕೊಂಡರು. ನಮ್ಮವರಲ್ಲಿ ಅರ್ಧ ಮಂದಿ ಬರಿಗಾಲು. ಶಬೀನಾ ಎಲ್ಲರನ್ನೂ ಹತ್ತಿರ ಕರೆದು, ನೆಲ ಗಟ್ಟಿ ಐತಿ, ಕಾಲಿಗೆ ಮಣ್ಣು ಹತ್ತಂಗಿಲ್ಲ, ಇದಕ್ಕಿಂತ ಸುಲಭ ಏನ ಬೇಕು ಎಂದಳಂತೆ. ಅದು ನಿಜವೇ ಆಗಿತ್ತು. ಎರಿಯಲ್ಲಿ ಓಡಿದ ಕಾಲುಗಳು ಆ ಅಂಗಳದಲ್ಲಿ ಹಗುರಾದವು. ಮೊದಲ ಆಟ ಗೆದ್ದರು. ಅರುಣಾ ಕಂಬ ಸುತ್ತಿ ನೆಲಕ್ಕೆ ಚಾಚಿಕೊಂಡು ಬಿದ್ದು, ಮುಂದೆ ಓಡುತ್ತಿದ್ದವಳ ಹಿಮ್ಮಡಿ ಮುಟ್ಟಿದಾಗ ಸುತ್ತಲಿನ ಮಂದಿ ಎದ್ದು ನಿಂತರು. ನಾನು ಗಂಟಲು ಕಿತ್ತುಹೋಗುವಂತೆ ಕೂಗಿದೆ. ತೀರ್ಪುಗಾರರು ಎರಡು ಸಲ ನನ್ನನ್ನು ಕೂರಿಸಿದರು.

ಎರಡನೆಯ ಆಟದಲ್ಲಿ ಸೋತರು. ಎದುರಿನವರು ನಿಜಕ್ಕೂ ಚೆನ್ನಾಗಿ ಆಡಿದರು, ಅದರಲ್ಲಿ ಮಾತಿಲ್ಲ. ಆದರೆ ನನಗೆ ಸೋತದ್ದು ನೋಯಿಸಲಿಲ್ಲ. ಆ ಹುಡುಗಿಯರು ಸಾಲಾಗಿ ಕುಳಿತು, ಎದ್ದು, ಬೆನ್ನಟ್ಟಿ, ಬಿದ್ದು, ಮತ್ತೆ ಏಳುವುದನ್ನು ನೋಡುವಾಗೆಲ್ಲ ನಾನು ಯಾರದೋ ಎಲೆಗೆ ಕುಳಿತು ಉಣ್ಣುತ್ತಿದ್ದೇನೆ ಎನ್ನಿಸುತ್ತಿತ್ತು. ಮೇಡಂಗೆ ಫೋನು ಮಾಡಿದೆ, ಎತ್ತಲಿಲ್ಲ. ಫೋಟೋ ಕಳಿಸಿದೆ, ನೋಡಲಿಲ್ಲ. ಹೊಲದ ಬದುವಿನ ಜಾಲಿ ಗಿಡಕ್ಕೆ ತೂಗುಹಾಕಿದ ಚೀಲದಲ್ಲಿ ಫೋನು ಇದ್ದಿತಂತೆ.

ಮರಳಿ ಬರುವಾಗ ಹುಡುಗಿಯರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಕಾಲೇಜಿನ ಕಮಾನು ಬಂದಾಗ ಗಾಡಿ ನಿಲ್ಲಬೇಕಿತ್ತು. ಶಬೀನಾ ಅಪ್ಪನ ಭುಜ ತಟ್ಟಿ, ಹೊಲದ ಕಡೆ ಹೊರಳಿಸು ಎಂದಳು. ರಮಜಾನ್ ಹೊರಳಿಸಿದ. ನನಗೆ ಬಸ್ಸಿತ್ತು. ಇರಲಿ ಎಂದು ಸುಮ್ಮನಾದೆ, ಹಾಗೆ ಸುಮ್ಮನಾದದ್ದು ನನಗೇ ಆಶ್ಚರ್ಯ.

ಕೆಂಚವ್ವನ ಹೊಲದಲ್ಲಿ ಬಹುಪಾಲು ಮುಗಿದು ಒಂದು ತುಂಡು ಉಳಿದಿತ್ತು. ಪಡುವಣದಲ್ಲಿ ಮೋಡ ದಟ್ಟವಾಗಿತ್ತು. ಹೆಂಗಸರು ಬೆಳಗಿನಿಂದ ಬಗ್ಗಿ ಬಗ್ಗಿ ಸೋತಿದ್ದರು. ರಾಜಮಾಬಿಯ ಕೈ ತುಂಬ ಗೀರು. ಕೊನೆಯ ಸಾಲಿನಲ್ಲಿ, ಸೀರೆ ಮೇಲೆ ಸಿಗಿಸಿ, ಬಿಳಿ ಬೂಟು ಬದುವಿನ ಮೇಲೆ ಕಳಚಿಟ್ಟು, ಬರಿಗಾಲಲ್ಲಿ ಸುಧಾರಾಣಿಯವರು. ಅವರನ್ನು ನೋಡಿದ್ದೇ ನನಗೆ ಬೆಳಗಿನಿಂದ ತಡೆದಿಟ್ಟಿದ್ದ ಸಿಟ್ಟು ಹೊರಗೆ ಬಂತು. ನೇರ ಹೋಗಿ ಜಗಳಕ್ಕೇ ನಿಂತೆ. ಇಷ್ಟು ವರ್ಷ ಇದೊಂದಕ್ಕೆ ಕಾದಿರಿ, ಇಲ್ಲಿ ಇಷ್ಟು ಮಂದಿ ಇದ್ದರಲ್ಲ, ಒಂದು ಸಾಲು ಹೆಚ್ಚುಕಡಿಮೆಯಾದರೆ ಲೋಕ ಮುಳುಗುತ್ತಿತ್ತೇ, ನೀವು ಅಲ್ಲಿರಬೇಕಿತ್ತು ಎಂದು ಒಂದೇ ಉಸಿರಿಗೆ ಅಂದುಬಿಟ್ಟೆ. ನನ್ನ ದನಿ ಒಡೆದಿತ್ತು, ಬೆಳಗಿನ ಕೂಗಾಟಕ್ಕೋ ಮತ್ತೊಂದಕ್ಕೋ.

ಅವರು ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ಎದ್ದು ನಿಂತರು.

"ನಾನೂ ಬಿ.ಎ. ಓದುವಾಗ ಒಂದ ಸರ್ತಿ ಹೊಂಟಿದ್ನಿರಿ ಸರ್. ವಿಶ್ವವಿದ್ಯಾಲಯದ ತಂಡಕ್ಕ ಆರಿಸಿದ್ರು, ಮೈಸೂರಿಗೆ ಹೋಗೂದಿತ್ತು. ಆವತ್ತ ಬಮ್ಮಿಗಟ್ಟ್ಯಾಗ ನಮ್ಮ ಮನಿಂದ ಮುಯ್ಯಿ ಇತ್ತು, ಭತ್ತಾ ಕೊಯ್ಯೂದು. ನಮ್ಮಪ್ಪ ಮುಯ್ಯಿ ಮುರಿಯೂ ಮನಶ್ಯಾ ಅಲ್ಲ. ಗದ್ದ್ಯಾಗಿಂದನ ನೋಡಿದ್ನಿರಿ, ಬಸ್ಸು ಹೋತು."

ಕೈಯಲ್ಲಿದ್ದ ಬುಡ್ಡಿಗಳನ್ನು ಮಡಿಲಿಗೆ ಹಾಕಿಕೊಂಡರು.

"ಅಪ್ಪನ ಮ್ಯಾ ಸಿಟ್ಟಿಲ್ಲರಿ. ಆದ್ರ ಆವತ್ತ ನನ್ನ ಸಾಲ ಹಿಡ್ಯಾಕ ಒಬ್ಬರರ ಬಂದಿದ್ರ ಅಂತ ಇನ್ನೂ ಅನಸ್ತೈತಿ."

ಬಾಜು ಸಾಲಿನಲ್ಲಿದ್ದ ಕೆಂಚವ್ವ ಬಗ್ಗಿದವಳು ಬಗ್ಗಿದಂತೆಯೇ ಕೈ ನಿಲ್ಲಿಸಿದ್ದಳು. ಅಷ್ಟರಲ್ಲಿ ಹುಡುಗಿಯರು ಹೊಲಕ್ಕೆ ಇಳಿದರು. ಒಬ್ಬೊಬ್ಬಳೂ ತನ್ನ ಮನೆಯವರ ಹತ್ತಿರ ಹೋಗಿ, ಏಳು, ಸಾಲು ಬಿಡು ಎಂದು ಅವರನ್ನು ಎಬ್ಬಿಸಿ ತಾನು ಕುಳಿತಳು. ಅರುಣಾ ಮೇಡಂ ಮುಂದೆ ಬಂದು ನಿಂತಳು. ಅವಳ ಮೊಣಕೈ ಅಂಗಳದಲ್ಲಿ ಬಿದ್ದು ಸುಲಿದಿತ್ತು.

"ನನ್ನ ಸಾಲ ನನಗ ಬಿಡ್ರಿ ಮೇಡಂ. ನೀವ ಬದುವಿನ ಮ್ಯಾಲ ನಿಂತ ನೋಡ್ರಿ."

ಸುಧಾರಾಣಿಯವರು ಬದುವಿಗೆ ಬಂದರು. ಅಲ್ಲಿಂದ ತಿರುಗಿ ನೋಡಿದಾಗ ಹನ್ನೆರಡು ಸಾಲುಗಳಲ್ಲಿ ಹನ್ನೆರಡು ನೀಲಿ ಅಂಗಿಗಳು. ಅವರು ಬೆರಳು ಮಡಚಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಆಮೇಲೆ ಮುಖಕ್ಕೆ ಸೆರಗು ಹಿಡಿದು, ಎಲ್ಲರ ಎದುರಿಗೇ ಅತ್ತರು. ನಾನು ಅವರ ಬೂಟು ಎತ್ತಿಕೊಂಡು ಬೇರೆ ಕಡೆ ನೋಡುತ್ತ ನಿಂತೆ. ಮಳೆ ಬರುವಷ್ಟರಲ್ಲಿ ಹೊಲ ಮುಗಿದು, ಚೀಲಗಳು ರಮಜಾನ್‌ನ ಗಾಡಿ ಸೇರಿದವು.

ಹೊರಡುವಾಗ ಕೆಂಚವ್ವ ಮೇಡಂ ಹತ್ತಿರ ಬಂದಳು. ಉಪಕಾರವಾಯಿತು ಎನ್ನುವ ಹೆಂಗಸಲ್ಲ ಅವಳು. ಎಲ್ಲರ ಮುಯ್ಯಿ ತೀರಿತು, ನಿಮ್ಮದೊಂದು ಆಳು ನನ್ನ ಮೇಲೆ ಉಳಿಯಿತು, ನಿಮಗೆ ಇಲ್ಲಿ ಹೊಲವಿಲ್ಲ, ಹೇಗೆ ತೀರಿಸಲಿ ಎಂದು ಕೇಳಿದಳು. ಮುಂದಿನ ವರ್ಷವೂ ಅರುಣಾಳನ್ನು ಕಳಿಸಿದರೆ ಸಾಕು ಎಂದರು ಮೇಡಂ. ಅದು ಅವಳ ಪಾಲಿನದು, ನನ್ನದು ಬೇರೆ ಎಂದು ಕೆಂಚವ್ವ ತಲೆಯಾಡಿಸಿದಳು. ದಾರಿಯಲ್ಲಿ ನಾವು ಇದನ್ನು ಮರೆತೆವು. ಹನ್ನೆರಡು ಮಂದಿ ಆಡಿ ಬಂದರೆಂದು ಪ್ರಾಚಾರ್ಯರು ಸೋಮವಾರ ಸೂಚನಾ ಫಲಕದ ಮೇಲೆ ಬರೆಸಿದರು, ಕೇರಂ ಬೋರ್ಡಿನ ಸುದ್ದಿ ಅಲ್ಲಿಗೆ ನಿಂತಿತು.

ಅದೇ ಸೋಮವಾರ ನಾನು ಬಸ್ಸು ಇಳಿದು ಬಂದಾಗ ಮೈದಾನದ ಕಡೆ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ಭೀಮಶಿ ತನ್ನ ಎಮ್ಮೆಯ ಹಗ್ಗ ಹಿಡಿದು ಬೇಲಿಯ ಆಚೆ ನಿಂತಿದ್ದ, ಪೆಟ್ಟು ತಿಂದವನ ಮುಖ ಮಾಡಿಕೊಂಡು. ಈಚೆ ಕೆಂಚವ್ವ. ಸಲಿಕೆ ಹಿಡಿದು ಖೋಖೋ ಅಂಗಳದ ಹುಲ್ಲು ಕೆತ್ತುತ್ತಿದ್ದಳು, ಗುಣಿ ಬಿದ್ದಲ್ಲಿ ಮಣ್ಣು ಎಳೆದು ತುಳಿಯುತ್ತಿದ್ದಳು. ಅರ್ಧ ಅಂಗಳ ಆಗಲೇ ಸಮನಾಗಿತ್ತು. ಸುಧಾರಾಣಿಯವರು ಸುಣ್ಣದ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು. ನಾನು ಹತ್ತಿರ ಹೋಗಿ, ಇದೇನು ಕೆಂಚವ್ವ, ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಅವಳು ಸಲಿಕೆ ನಿಲ್ಲಿಸಲಿಲ್ಲ.

"ಅಕ್ಕಾರ ಹೊಲಾ ಇದ ಅಲ್ಲೇನ್ರಿ?" ಎಂದಳು.